ಸಿರಿವಂತನ ಬಾಗಿಲು, ಬಡವನ ಹೆಸರು

ಐಶ್ವರ್ಯ, ಕರುಣೆ ಮತ್ತು ಪರಲೋಕವನ್ನು ಕುರಿತ ಕ್ರಿಸ್ತೋಪದೇಶದ ಒಂದು ಚಿಂತನೆ

ಸುಗ್ಗಿಯ ದಿನಗಳಲ್ಲಿ ಸೋಮವಾರ ಅಥವಾ ಗುರುವಾರ ಬ್ಯಾಡಗಿಯ ಮಾರುಕಟ್ಟೆಗೆ ಹೋದವರು ಆ ನೋಟವನ್ನು ಮರೆಯಲಾರರು. ಕಣ್ಣು ಹಾಯುವವರೆಗೆ ಕೆಂಪು ರಾಶಿಗಳು, ಗಾಳಿಯ ತುಂಬ ಘಾಟು, ಚೀಲ ಹೊತ್ತ ಹಮಾಲರ ಸಾಲು, ದರ ಕೇಳಲು ಕಾತರರಾಗಿ ನಿಂತ ರೈತರು. ಡಬ್ಬಿ, ಕಡ್ಡಿ ಎಂದು ಕರೆಯಲ್ಪಡುವ ಈ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಅತ್ತ ರಾಣೇಬೆನ್ನೂರಿನಲ್ಲಿ ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರ. ಇತ್ತ ಹಾವೇರಿಯಲ್ಲಿ ಏಲಕ್ಕಿ ಮಾಲೆಯ ಕಂಪು. ಮಣ್ಣಿನಿಂದಲೂ ಬೆವರಿನಿಂದಲೂ ಸಿರಿಯನ್ನು ಕಂಡ ಸೀಮೆ ನಮ್ಮದು. ಸಂಪತ್ತನ್ನು ನಿಂದಿಸುವ ಮಾತು ನಮ್ಮ ಹಿರಿಯರ ಬಾಯಲ್ಲಿ ಬಂದುದಿಲ್ಲ. ದುಡಿದು ಗಳಿಸಿ, ಹಂಚಿ ಉಣ್ಣಬೇಕೆಂಬುದೇ ಅವರು ಹಾಕಿಕೊಟ್ಟ ದಾರಿ.

ಆದರೆ ಸಂಪತ್ತು ಬಂದ ಮನೆಗೆ ಅದರೊಡನೆ ಒಂದು ಪ್ರಶ್ನೆಯೂ ಬರುತ್ತದೆ. ಆ ಪ್ರಶ್ನೆ ನಮಗೆ ಎದುರಾದ ಬಗೆಯನ್ನು ಮೊದಲು ಹೇಳಿಬಿಡುವುದು ಒಳಿತು.

ಕೆಲವು ತಿಂಗಳ ಹಿಂದೆ ರಾಣೇಬೆನ್ನೂರಿನಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆವು. ಊಟ ಭರ್ಜರಿಯಾಗಿತ್ತು. ಎಲೆಯಲ್ಲಿ ಬಡಿಸಿದ್ದರಲ್ಲಿ ಅರ್ಧವನ್ನೂ ಉಣ್ಣಲಾಗದೆ ಎದ್ದೆವು. ಕಲ್ಯಾಣ ಮಂಟಪದ ಗೇಟಿನ ಹೊರಗೆ, ಗೋಡೆಯ ನೆರಳಿನಲ್ಲಿ, ಸ್ಟೀಲಿನ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಊಟ ಮುಗಿದ ಮೇಲೆ ಉಳಿದುದನ್ನು ಕೊಟ್ಟಾರೆಂದು ಕಾಯುತ್ತಿದ್ದಳೆಂದು ತೋರುತ್ತದೆ. ನಮ್ಮನ್ನು ಕಂಡೊಡನೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತು, "ಸಾವ್ಕಾರ್ರ, ಆರಾಮ ಅದೀರೇನ್ರಿ? ಅವ್ವಾರ ಮೊಣಕಾಲು ಬ್ಯಾನಿ ಕಡಿಮಿ ಆತೇನ್ರಿ?" ಎಂದು ಕೇಳಿದಳು. ಬ್ಯಾಡಗಿಯಲ್ಲಿ ನಮ್ಮ ಬಂಧುಗಳ ದಲಾಲಿ ಅಂಗಡಿಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿಯ ತುಂಬು ಬಿಡಿಸಿದ ಕೈ ಅದು. ನಾವು "ಹೂಂ, ಕಡಿಮಿ ಆಗೈತಿ" ಎಂದು ತಲೆಯಾಡಿಸಿ ಕಾರು ಹತ್ತಿದೆವು.

ಮೋಟೆಬೆನ್ನೂರು ದಾಟುವಾಗ ಮನಸ್ಸಿಗೆ ಹೊಳೆಯಿತು. ನಮ್ಮ ತಾಯಿಯ ಮೊಣಕಾಲಿನ ನೋವು ಅವಳಿಗೆ ನೆನಪಿತ್ತು; ಅವಳ ಹೆಸರು ನಮಗೆ ಗೊತ್ತಿರಲಿಲ್ಲ.

ಆ ರಾತ್ರಿ ನಮಗೆ ನೆನಪಾದುದು ಕ್ರೈಸ್ತರ ಬೈಬಲಿನಲ್ಲಿರುವ ಒಂದು ಕಥೆ. ಅದನ್ನು ನಮ್ಮ ಓದುಗ ಬಾಂಧವರೊಡನೆ ಹಂಚಿಕೊಂಡು, ಅದರ ನೆಪದಲ್ಲಿ ಐಶ್ವರ್ಯ, ಕರುಣೆ, ಪರಲೋಕಗಳ ವಿಷಯದಲ್ಲಿ ಆ ಧರ್ಮವು ಏನನ್ನು ಬೋಧಿಸುತ್ತದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಅನ್ಯರ ಗ್ರಂಥವನ್ನು ಓದುವ ಪರಿ

ಕ್ರೈಸ್ತರ ಮಾತು ನಮಗೇಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಧಾರವಾಡದಲ್ಲಿ 1881ರಲ್ಲಿ ಜನಿಸಿ 1962ರಲ್ಲಿ ಕಾಲವಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದರು. ತಮ್ಮ ಕ್ರಿಸ್ತಭಕ್ತಿಯನ್ನು ಕೊನೆಯವರೆಗೂ ಬಿಡದೆ, ಜೋಳಿಗೆ ಹಿಡಿದ ಭಿಕ್ಷುಕನಂತೆ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನು ನಮ್ಮ ಹಾವೇರಿ ಜಿಲ್ಲೆಯ ಮಾಸೂರು, ಅಬಲೂರುಗಳ ಸೀಮೆಯವನೆಂಬುದು ಬಹುಕಾಲದ ಪ್ರತೀತಿ. ಮುಂದೆ ಅವರು ಸಿದ್ಧರಾಮರ ಸಾಹಿತ್ಯವನ್ನು ಸಂಗ್ರಹಿಸಿದರು. ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪವನ್ನು ಕುರಿತು ಆಳವಾದ ವಿಚಾರ ನಡೆಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. 'ತಿರುಳ್ಗನ್ನಡದ ತಿರುಕ' ಎಂಬುದು ಅವರಿಗೆ ಸಂದ ಬಿರುದು.

ಅವರಿಗಿಂತ ಮೊದಲೇ ಈ ಕೊಡುಕೊಳ್ಳುವಿಕೆ ಆರಂಭವಾಗಿತ್ತು. ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರತಂದ ಕನ್ನಡ ಕಾವ್ಯಮಾಲೆಯಲ್ಲಿ ಬಸವ ಪುರಾಣವೂ ಇತ್ತು. 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ಲರ ಹೆಸರನ್ನು ತಿಳಿಯದ ಕನ್ನಡಿಗರಿಲ್ಲ. ಅವರು ಇಲ್ಲಿಗೆ ಬಂದುದು ತಮ್ಮ ಮತವನ್ನು ಪ್ರಸಾರ ಮಾಡುವುದಕ್ಕೆಂಬುದು ಮುಚ್ಚಿಡುವ ಸಂಗತಿಯಲ್ಲ. ಆದರೂ ನಮ್ಮ ಪುರಾಣವನ್ನು ಅವರು ಅಚ್ಚು ಹಾಕಿಸಿದರು, ನಮ್ಮ ಶರಣರನ್ನು ಉತ್ತಂಗಿಯವರು ಮನಸಾರೆ ಓದಿದರು. ನಾವು ಅವರ ಗ್ರಂಥದ ಒಂದು ಕಥೆಯನ್ನು ಅಷ್ಟೇ ಆದರದಿಂದ ಓದಿದರೆ ನಮ್ಮ ನಿಷ್ಠೆಗೆ ಕುಂದೇನೂ ಬರದು.

ಲಾಜರನ ಕಥೆ

ಈ ಕಥೆ ಲೂಕನು ಬರೆದ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಬರುತ್ತದೆ. ಒಬ್ಬ ಸಿರಿವಂತನಿದ್ದ. ಬೆಲೆಬಾಳುವ ನೇರಳೆ ಬಣ್ಣದ ಉಡುಪು, ನಯವಾದ ನಾರುಬಟ್ಟೆ, ದಿನದಿನವೂ ಹಬ್ಬದೂಟ. ಅವನ ಹೆಬ್ಬಾಗಿಲಿನಲ್ಲಿ ಲಾಜರನೆಂಬ ಬಡವನು ಬಿದ್ದುಕೊಂಡಿದ್ದ. ಮೈತುಂಬ ಹುಣ್ಣು. ಸಿರಿವಂತನ ಪಂಕ್ತಿಯಿಂದ ಉದುರಿದ ಚೂರುಪಾರುಗಳಿಂದಲಾದರೂ ಹೊಟ್ಟೆ ತುಂಬಿಸಿಕೊಳ್ಳುವ ಆಸೆ ಅವನಿಗೆ. ನಾಯಿಗಳು ಬಂದು ಅವನ ಹುಣ್ಣುಗಳನ್ನು ನೆಕ್ಕುತ್ತಿದ್ದವು.

ಇಬ್ಬರೂ ಸತ್ತರು. ಬಡವನನ್ನು ದೇವದೂತರು ಎತ್ತಿಕೊಂಡು ಹೋಗಿ ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನ ಮಗ್ಗುಲಲ್ಲಿ ಕೂಡಿಸಿದರು. ಸಿರಿವಂತನಿಗೆ ಸಂಸ್ಕಾರವೇನೋ ನಡೆಯಿತು. ಆದರೆ ಅವನು ಕಣ್ಣು ತೆರೆದುದು ಪಾತಾಳದ ಬೇಗೆಯಲ್ಲಿ. ದೂರದಲ್ಲಿ ಅಬ್ರಹಾಮನನ್ನೂ ಅವನ ಪಕ್ಕದಲ್ಲಿ ಲಾಜರನನ್ನೂ ಕಂಡು ಮೊರೆಯಿಟ್ಟ: ಲಾಜರನನ್ನು ಕಳಿಸಿರಿ, ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ನಾಲಗೆಯನ್ನು ತಣಿಸಲಿ ಎಂದ. ಅಬ್ರಹಾಮನು, ನಿನ್ನ ಪಾಲಿನ ಸುಖವನ್ನು ನೀನು ಬದುಕಿರುವಾಗಲೇ ಪಡೆದೆ, ಈಗ ನಮ್ಮಿಬ್ಬರ ನಡುವೆ ಯಾರೂ ದಾಟಲಾರದ ಕಂದರವಿದೆ ಎಂದ. ಹಾಗಾದರೆ ನನ್ನ ಐವರು ತಮ್ಮಂದಿರಿಗಾದರೂ ಲಾಜರನು ಹೋಗಿ ಎಚ್ಚರಿಕೆ ಹೇಳಲಿ ಎಂದು ಸಿರಿವಂತ ಬೇಡಿಕೊಂಡ. ಅವರಿಗೆ ಧರ್ಮಗ್ರಂಥಗಳಿವೆ, ಪ್ರವಾದಿಗಳ ಮಾತಿದೆ. ಅದನ್ನು ಕೇಳದವರು ಸತ್ತವನು ಎದ್ದು ಬಂದು ಹೇಳಿದರೂ ಕೇಳುವುದಿಲ್ಲವೆಂದು ಅಬ್ರಹಾಮನು ನುಡಿಯುವಲ್ಲಿಗೆ ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಗಳು ಹಲವು. ಮೊದಲನೆಯದು, ಸಿರಿವಂತನು ಕಳ್ಳನೆಂದಾಗಲಿ ಲಂಚಕೋರನೆಂದಾಗಲಿ ಕಥೆ ಹೇಳುವುದಿಲ್ಲ. ಅವನು ಲಾಜರನನ್ನು ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ಅವನ ತಪ್ಪು ಒಂದೇ: ದಿನವೂ ಅದೇ ಬಾಗಿಲನ್ನು ದಾಟಿ ಹೋಗುತ್ತಿದ್ದನು, ಅಲ್ಲಿ ಬಿದ್ದವನು ಅವನ ಕಣ್ಣಿಗೆ ಬಾಗಿಲ ಕಲ್ಲಿನಂತೆ ಆಗಿಬಿಟ್ಟಿದ್ದನು.

ಎರಡನೆಯದು ಹೆಸರಿನ ಸಂಗತಿ. ಯೇಸು ಹೇಳಿದ ಸಾಮತಿಗಳಲ್ಲಿ ಹೆಸರನ್ನು ಪಡೆದ ಪಾತ್ರ ಲಾಜರನದು. ಸಿರಿವಂತನಿಗೆ ಹೆಸರೇ ಇಲ್ಲ. ಲೋಕದಲ್ಲಿ ನಡೆಯುವುದು ಇದರ ವಿರುದ್ಧ. ಊರಿನಲ್ಲಿ ಸಾಹುಕಾರನ ಹೆಸರು ಎಲ್ಲರಿಗೂ ಗೊತ್ತು, ಬಾಗಿಲಲ್ಲಿ ಕುಳಿತವನ ಹೆಸರು ಯಾರಿಗೂ ಬೇಡ. ದೇವರ ಲೆಕ್ಕದ ಪುಸ್ತಕದಲ್ಲಿ ಈ ಕ್ರಮ ತಲೆಕೆಳಗಾಗಿದೆ ಎಂಬುದೇ ಕಥೆಯ ಸೂಚನೆ.

ಮೂರನೆಯದು ಇನ್ನೂ ಮರ್ಮಭೇದಕವಾದುದು. ಪಾತಾಳದಲ್ಲಿ ಬೇಯುತ್ತಿರುವಾಗ ಸಿರಿವಂತನ ಬಾಯಿಂದ ಲಾಜರನ ಹೆಸರು ತಾನಾಗಿ ಬರುತ್ತದೆ. ಅಂದರೆ ಹೆಸರು ಅವನಿಗೆ ಮೊದಲೇ ಗೊತ್ತಿತ್ತು. ತನಗೆ ಬೇಕಾದಾಗ ಮಾತ್ರ ನೆನಪಾಯಿತು. ಅಷ್ಟು ಸಂಕಟದಲ್ಲಿಯೂ ಅವನು ಲಾಜರನೊಡನೆ ಮಾತನಾಡುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಅವನನ್ನು ಕಳಿಸಿರಿ, ನೀರು ತರಲಿ, ನನ್ನ ಮನೆಗೆ ಹೋಗಿ ಬರಲಿ ಎಂದು ಆಳಿಗೆ ಕೆಲಸ ಹೇಳುವಂತೆ ಹೇಳುತ್ತಾನೆ. ಸತ್ತರೂ ಅವನ ಸಾಹುಕಾರಿಕೆ ಸತ್ತಿರಲಿಲ್ಲ.

ಹಣವು ಯಜಮಾನನಾದಾಗ

ಯೇಸುವಿನ ಉಪದೇಶದಲ್ಲಿ ಐಶ್ವರ್ಯದ ಮಾತು ಮತ್ತೆ ಮತ್ತೆ ಬರುತ್ತದೆ. ಬೆಳೆ ಹುಲುಸಾಗಿ ಬಂದು, ಹಗೇವು ಸಾಲದೆ, ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸುವೆನೆಂದು ಯೋಚಿಸುತ್ತ ಮಲಗಿದ ರೈತನು ಅದೇ ರಾತ್ರಿ ಪ್ರಾಣ ಬಿಟ್ಟ ಕಥೆಯನ್ನು ಅವನು ಹೇಳಿದ್ದಾನೆ. ಆ ರೈತನ ಯೋಚನೆಯಲ್ಲಿ ತನ್ನ ಬೆಳೆ, ತನ್ನ ಕಣಜ, ತನ್ನ ಸುಖಗಳಲ್ಲದೆ ಮತ್ತೊಬ್ಬರ ಸುಳಿವೇ ಇಲ್ಲ.

ಧರ್ಮವನ್ನೆಲ್ಲ ಪಾಲಿಸುತ್ತಿದ್ದ ಒಬ್ಬ ಶ್ರೀಮಂತನು ಬಂದು ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿದಾಗ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದು ಯೇಸು ಹೇಳಿದನು. ಅವನು ಮುಖ ಬಾಡಿಸಿಕೊಂಡು ಹೊರಟುಹೋದನು. ಒಂಟೆ ಮತ್ತು ಸೂಜಿಯ ಕಣ್ಣಿನ ಹೋಲಿಕೆ ಬರುವುದು ಈ ಸಂದರ್ಭದಲ್ಲಿಯೇ. ಆದರೆ ಜಕ್ಕಾಯನ ಕಥೆ ಬೇರೆ. ಯೆರಿಕೋ ಪಟ್ಟಣದಲ್ಲಿ ಸುಂಕದವರ ಮುಖಂಡನಾಗಿದ್ದ ಇವನು ಕುಳ್ಳನಾದುದರಿಂದ ಅತ್ತಿಯ ಮರವನ್ನೇರಿ ಯೇಸುವನ್ನು ನೋಡಲು ಕುಳಿತನು. ಯೇಸು ಅವನ ಮನೆಗೇ ಅತಿಥಿಯಾಗಿ ಬಂದಾಗ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯದಿಂದ ಕಿತ್ತುಕೊಂಡುದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದೂ ತಾನಾಗಿ ನುಡಿದನು. ಯೇಸು ಅಷ್ಟಕ್ಕೆ ಸಂತೋಷಪಟ್ಟನು. ಉಳಿದರ್ಧವನ್ನೂ ಕೊಡೆಂದು ಹಟ ಹಿಡಿಯಲಿಲ್ಲ.

ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ತಾತ್ಪರ್ಯ ತಿಳಿಯುತ್ತದೆ. ಹಣವನ್ನು ಮನುಷ್ಯನು ಆಳಬೇಕು, ಹಣವು ಮನುಷ್ಯನನ್ನು ಆಳಬಾರದು. ಮಂದಿರದ ಕಾಣಿಕೆ ಪೆಟ್ಟಿಗೆಗೆ ಧನಿಕರು ಹಾಕಿದ ಹಣಕ್ಕಿಂತ ಬಡ ವಿಧವೆಯೊಬ್ಬಳು ಹಾಕಿದ ಎರಡು ಪುಟ್ಟ ಕಾಸುಗಳೇ ಹೆಚ್ಚೆಂದು ಯೇಸು ಎಣಿಸಿದುದೂ ಇದೇ ಕಾರಣಕ್ಕೆ. ಅವರು ಕೊಟ್ಟುದು ಮಿಕ್ಕುದನ್ನು. ಅವಳು ಕೊಟ್ಟುದು ತನ್ನ ಅನ್ನವನ್ನು. ಇನ್ನು ಯಾಕೋಬನೆಂಬ ಶಿಷ್ಯನ ಪತ್ರದಲ್ಲಿ ಹೊಲ ಕೊಯ್ದ ಕೂಲಿಯವರ ಸಂಬಳವನ್ನು ಹಿಡಿದಿಟ್ಟುಕೊಂಡ ಧಣಿಗಳಿಗೆ ಕಠೋರವಾದ ಎಚ್ಚರಿಕೆಯಿದೆ. ತಡೆಹಿಡಿದ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂಬುದು ಅವನ ಮಾತಿನ ಭಾವ. ದಾನಕ್ಕಿಂತ ಮೊದಲು ನ್ಯಾಯವಾದ ಕೂಲಿ ಎಂಬ ಈ ಕ್ರಮವನ್ನು ನಮ್ಮ ವ್ಯಾಪಾರಿ ಬಂಧುಗಳು ಮನಸ್ಸಿಗೆ ತಂದುಕೊಳ್ಳಬೇಕು.

ಲಾಜರನ ಕಥೆಯನ್ನು ಕುರಿತು ಅಂತಿಯೋಕ್ಯ ಪಟ್ಟಣದಲ್ಲಿ ಸಾಲು ಪ್ರವಚನಗಳನ್ನು ಮಾಡಿದವರು ಸಂತ ಜಾನ್ ಕ್ರಿಸೊಸ್ತೊಮರು. ವಾಗ್ಮಿಗಳಾದ ಅವರನ್ನು ಜನರು 'ಚಿನ್ನದ ಬಾಯಿಯವರು' ಎಂದು ಕರೆದರು. ಇರುವುದನ್ನು ಬಡವರೊಡನೆ ಹಂಚಿಕೊಳ್ಳದಿರುವುದೂ ಒಂದು ಬಗೆಯ ಕಳವೇ ಎಂಬುದು ಅವರ ವ್ಯಾಖ್ಯಾನದ ಸಾರ. ಮುಂದೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯ ಮಹಾಧರ್ಮಾಧ್ಯಕ್ಷರಾದ ಮೇಲೂ ಅರಮನೆಯ ಆಡಂಬರವನ್ನು ಖಂಡಿಸಲು ಅವರು ಹೆದರಲಿಲ್ಲ. ರಾಣಿಯ ಕೋಪಕ್ಕೆ ಗುರಿಯಾಗಿ ಗಡಿಪಾರಾದರು. 407ರಲ್ಲಿ ಗಡಿಪಾರಿನ ದಾರಿಯಲ್ಲಿಯೇ ಪ್ರಾಣ ಬಿಟ್ಟರು.

ಪರಲೋಕದ ತಕ್ಕಡಿ

ಇನ್ನು ಪರಲೋಕದ ವಿಷಯ. ಮನುಷ್ಯನಿಗೆ ಜನ್ಮ ಒಂದೇ, ಸಾವು ಒಂದೇ, ಅನಂತರ ನ್ಯಾಯತೀರ್ಪು ಎಂಬುದು ಕ್ರೈಸ್ತರ ನಂಬಿಕೆ. ಲೋಕಾಂತ್ಯದಲ್ಲಿ ಸತ್ತವರೆಲ್ಲರೂ ಪುನರುತ್ಥಾನ ಹೊಂದುವರೆಂದೂ ಅವರು ನಂಬುತ್ತಾರೆ. ಕರ್ಮಕ್ಕನುಸಾರವಾಗಿ ಜನ್ಮಾಂತರಗಳುಂಟೆಂದು ನಂಬುವ ಭಾರತೀಯ ಮತಗಳಿಗೂ ಇದಕ್ಕೂ ದೊಡ್ಡ ಅಂತರವಿದೆ. ಅವರಲ್ಲಿಯೇ ಕಥೋಲಿಕರು ಸ್ವರ್ಗ, ನರಕಗಳ ಜೊತೆಗೆ ಆತ್ಮವು ಶುದ್ಧಿಯಾಗುವ ನಡುವಣ ಸ್ಥಿತಿಯೊಂದನ್ನು ಒಪ್ಪುತ್ತಾರೆ; ಬಾಸೆಲ್ ಮಿಶನ್ನಿನವರಂತಹ ಪ್ರಾಟೆಸ್ಟೆಂಟರು ಅದನ್ನು ಒಪ್ಪುವುದಿಲ್ಲ.

ಹಣದಿಂದ ಪರಲೋಕವನ್ನು ಕೊಳ್ಳಬಹುದೇ ಎಂಬ ಪ್ರಶ್ನೆ ಕ್ರೈಸ್ತ ಧರ್ಮವನ್ನೇ ಒಡೆದ ಪ್ರಶ್ನೆ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಪಾಪದ ಶಿಕ್ಷೆಯನ್ನು ತಗ್ಗಿಸುವ ಪತ್ರಗಳನ್ನು ಹಣಕ್ಕೆ ಕೊಡುವ ಪದ್ಧತಿ ಬೆಳೆದಿತ್ತು. 1517ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನ ಮಾರ್ಟಿನ್ ಲೂಥರನು 95 ವಾದಸೂತ್ರಗಳನ್ನು ಮುಂದಿಟ್ಟು ಇದನ್ನು ಪ್ರತಿಭಟಿಸಿದನು. ಮೋಕ್ಷವು ದೇವರ ಕೃಪೆ, ಅದು ಕ್ರಯಕ್ಕೆ ಸಿಗುವ ವಸ್ತುವಲ್ಲ. ಸತ್ಕಾರ್ಯಗಳು ಕೃಪೆಯ ಮರದಲ್ಲಿ ಬಿಡುವ ಹಣ್ಣುಗಳೇ ಹೊರತು ಕೃಪೆಗೆ ತೆರುವ ಬೆಲೆಯಲ್ಲ ಎಂಬುದು ಅವನ ಪಂಥದವರ ನಿಲುವಾಯಿತು. ಕಥೋಲಿಕ ಧರ್ಮಸಭೆಯೂ ಅದೇ ಶತಮಾನದಲ್ಲಿ ಹಣಕ್ಕಾಗಿ ನಡೆಯುತ್ತಿದ್ದ ಆ ದುರುಪಯೋಗವನ್ನು ತಡೆಯಿತು.

ಆದರೆ ತೀರ್ಪು ಯಾವ ಆಧಾರದ ಮೇಲೆ? ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅದರ ಚಿತ್ರವಿದೆ. ಕುರುಬನು ಸಂಜೆಗೆ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ರಾಜನು ಜನರನ್ನು ಬೇರ್ಪಡಿಸುತ್ತಾನೆ. ಅವನು ಕೇಳುವ ಪ್ರಶ್ನೆಗಳು ತೀರ ಸಾಧಾರಣವಾದವು. ಹಸಿದಾಗ ಅನ್ನ ಕೊಟ್ಟಿರಾ? ಬಾಯಾರಿದಾಗ ನೀರು? ಪರದೇಶಿಗೆ ಆಸರೆ? ಬತ್ತಲೆಯಿದ್ದವನಿಗೆ ಬಟ್ಟೆ? ರೋಗಿಯನ್ನು, ಸೆರೆಮನೆಯಲ್ಲಿದ್ದವನನ್ನು ನೋಡಲು ಹೋದಿರಾ? ಅತ್ಯಲ್ಪನಾದವನಿಗೆ ಮಾಡಿದುದು ತನಗೇ ಮಾಡಿದುದೆಂದು ರಾಜನು ಹೇಳಿದಾಗ ಎರಡೂ ಗುಂಪಿನವರು ಬೆರಗಾಗುತ್ತಾರೆ. ಕೊಟ್ಟವರಿಗೂ ತಾವು ಕೊಟ್ಟುದು ದೇವರಿಗೆಂದು ತಿಳಿದಿರಲಿಲ್ಲ. ಕೊಡದವರಿಗೂ ತಾವು ತಿರಸ್ಕರಿಸಿದುದು ದೇವರನ್ನೆಂದು ತಿಳಿದಿರಲಿಲ್ಲ. ಪುಣ್ಯದ ಲೆಕ್ಕವಿಟ್ಟು ಕೊಟ್ಟವರು ಆ ಗುಂಪಿನಲ್ಲಿ ಕಾಣುವುದಿಲ್ಲ.

ಲಾಜರನ ಕಥೆಯ ಕಂದರದ ಅರ್ಥವೂ ಇಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ನಮಗೆ ತೋರುತ್ತದೆ. ಆ ಕಂದರವನ್ನು ಅಗೆದವನು ಸಿರಿವಂತನೇ. ಬದುಕಿರುವಾಗ ಅದು ಬರೀ ಹೊಸ್ತಿಲಿನಷ್ಟಿತ್ತು. ಒಂದು ಹೆಜ್ಜೆಗೆ ದಾಟಬಹುದಿತ್ತು. ದಿನಕ್ಕಿಷ್ಟು ಎಂದು ತಾನೇ ಆಳಗೊಳಿಸುತ್ತ ಬಂದನು. ಸಾವು ಮಾಡಿದುದಿಷ್ಟೆ, ಇನ್ನು ದಾಟುವ ಸಮಯ ಮುಗಿಯಿತೆಂದು ತಿಳಿಸಿತು. ಪರಲೋಕದ ಕಥೆಯೆಂದು ತೋರುವ ಇದು ನಿಜವಾಗಿ ಇಹಲೋಕದ ಕಥೆ. ಬಾಗಿಲು ಇನ್ನೂ ತೆರೆದಿರುವವರ ಕಥೆ. ಅಬ್ರಹಾಮನು ಸಿರಿವಂತನ ತಮ್ಮಂದಿರಿಗೆ ಪವಾಡವನ್ನು ಕಳಿಸಲೊಪ್ಪದಿರುವುದೂ ಇದಕ್ಕಾಗಿಯೇ. ಬಾಗಿಲಲ್ಲಿ ಕುಳಿತವನು ಕಣ್ಣಿಗೆ ಬೀಳದವನಿಗೆ ಪವಾಡವಾದರೂ ಏನನ್ನು ತೋರಿಸೀತು?

ಬೋಧಿಸಿದವರ ನಡೆ

ಬೋಧನೆಯನ್ನು ಬೋಧಕರ ನಡೆಯಿಂದಲೂ ತೂಗಬೇಕಷ್ಟೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು. ಮತಾಂತರ ಹೊಂದಿ ಕುಲಬಂಧುಗಳನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಭಿಕ್ಷೆ ಹಾಕುತ್ತ ಕೂರುವುದಕ್ಕಿಂತ ಉದ್ಯೋಗ ಕೊಡುವುದು ಲೇಸೆಂದು ಮಿಶನ್ನಿನವರು ಅಚ್ಚುಕೂಟ, ನೇಕಾರಿಕೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದರು. ಮಂಗಳೂರಿನ ಹೆಂಚಿನ ಕಾರ್ಖಾನೆ 1865ರಲ್ಲಿ ಆರಂಭವಾಯಿತು. ಮಂಗಳೂರು ಹೆಂಚು ನಮ್ಮ ಊರುಗಳ ಮನೆಗಳ ಮೇಲೂ ಕುಳಿತಿತು. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಅಂದಿನ ಧಾರವಾಡ ಜಿಲ್ಲೆ, ಎಂದರೆ ಇಂದಿನ ಹಾವೇರಿ ಸೀಮೆಯೂ ಒಳಗೊಂಡ ನಾಡು, ನರಳಿದಾಗ ಅನಾಥ ಮಕ್ಕಳನ್ನು ಕೈಹಿಡಿದವರಲ್ಲಿ ಅವರೂ ಒಬ್ಬರು. ಬೆಟಗೇರಿಯ ಅವರ ಆಸ್ಪತ್ರೆಯನ್ನು ನಮ್ಮ ಹಿರಿಯರು ಜರ್ಮನ್ ದವಾಖಾನೆಯೆಂದೇ ಕರೆಯುತ್ತಿದ್ದರು.

ಈ ಸೇವೆಯ ಹಿಂದೆ ಮತಪ್ರಸಾರದ ಆಶೆಯೂ ಇತ್ತು. ಹಸಿದವನಿಗೆ ಅನ್ನದ ಜೊತೆಗೆ ಮತವನ್ನೂ ನೀಡುವುದು ಎಷ್ಟರಮಟ್ಟಿಗೆ ನಿಷ್ಕಾಮ ಕರುಣೆ ಎಂಬ ಪ್ರಶ್ನೆ ನ್ಯಾಯವಾದುದೇ. ಆ ಪ್ರಶ್ನೆಯನ್ನು ಕೇಳುವ ಹಕ್ಕು ನಮಗೆ ಬರಬೇಕಾದರೆ, ಹಸಿದವನಿಗೆ ನಾವೂ ಅನ್ನವಿಟ್ಟಿರಬೇಕು.

ನಮ್ಮ ಮನೆಯ ದೀಪ

ಇಷ್ಟನ್ನೂ ಓದುತ್ತ ಬಂದ ಸದ್ಭಕ್ತರಿಗೆ, ಇದೆಲ್ಲ ನಮ್ಮ ಶರಣರು ಬಾಳಿ ತೋರಿಸಿದುದೇ ಅಲ್ಲವೇ ಎಂದು ಅನ್ನಿಸದಿರದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಅವಳ ಮುಂದೆ ಹೊಸ ಕಣಜ ಕಟ್ಟಿಸಲು ಹೊರಟ ಬೈಬಲಿನ ಆ ರೈತನನ್ನು ನಿಲ್ಲಿಸಿ ನೋಡಿರಿ. ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬಾಳಿದ ಮೋಳಿಗೆ ಮಾರಯ್ಯನ ವಚನಗಳನ್ನು ಒಬ್ಬ ಕ್ರೈಸ್ತ ಪಾದ್ರಿ ಏಕೆ ಸಂಪಾದಿಸಿದರೆಂಬುದು ಈಗ ಅರ್ಥವಾಗುತ್ತದೆ. ಸಂಪತ್ತನ್ನು ಬಿಟ್ಟುಬರಲಾರದೆ ಮುಖ ಬಾಡಿಸಿಕೊಂಡು ಹೋದ ಆ ಶ್ರೀಮಂತನಿಗೆ ಉತ್ತರವೆಂಬಂತೆ ಮಾರಯ್ಯನು ಉತ್ತಂಗಿಯವರ ಕಣ್ಣಿಗೆ ಕಂಡಿರಬಹುದು.

ನಮ್ಮ ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಉಳ್ಳವರ ಅಕ್ಕಿಗೂ ಬಡವರ ರಾಗಿಗೂ ವಾದ ಹೂಡಿಸಿ, ಶ್ರೀರಾಮನ ಸಭೆಯಲ್ಲಿ ರಾಗಿಗೇ ಗೆಲುವು ಕೊಡಿಸಿದರು. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಬೇಡಿ ಸಮಾಜವನ್ನು ಕಟ್ಟಿದರು. ಕಣ್ಣಿಲ್ಲದ ಬಾಲಕನೊಬ್ಬನಿಗೆ ಅವರು ಸಂಗೀತ ವಿದ್ಯೆಯನ್ನು ಕೊಡಿಸಿದುದರ ಫಲವಾಗಿ ನಾಡಿಗೆ ಪಂಚಾಕ್ಷರಿ ಗವಾಯಿಗಳು ದೊರೆತರು; ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಅಂಧರಿಗೂ ಅನಾಥರಿಗೂ ಅನ್ನ, ವಿದ್ಯೆಗಳು ದೊರೆತವು. ಬಾಗಿಲಲ್ಲಿ ಕುಳಿತವನನ್ನು ಕಾಣುವ ಕಣ್ಣು ಎಂದರೆ ಇದೇ.

ಭೇದವೂ ಇದೆ, ಅದನ್ನು ಮರೆಮಾಚಬೇಕಿಲ್ಲ. ಕ್ರೈಸ್ತರು ಅಂತ್ಯದಿನದ ತೀರ್ಪನ್ನು ಎದುರು ನೋಡುತ್ತಾರೆ. ನಮ್ಮ ಶರಣರು ಸ್ವರ್ಗದ ಆಸೆಯನ್ನೂ ನರಕದ ಅಂಜಿಕೆಯನ್ನೂ ದೂರವಿಟ್ಟು, ಈ ಲೋಕದಲ್ಲಿಯೇ ಲಿಂಗಾಂಗ ಸಾಮರಸ್ಯವನ್ನು ಅರಸಿದರು. ಅವರದು ಮುಂದೆ ಬರುವ ದಿನದ ಎಚ್ಚರ. ನಮ್ಮದು ಇಂದಿನ ದಿನದ ಎಚ್ಚರ. ಆದರೆ ಎರಡು ದಾರಿಗಳೂ ಬಂದು ಕೂಡುವುದು ಒಂದೇ ಸ್ಥಳದಲ್ಲಿ, ಮನೆಯ ಹೊಸ್ತಿಲ ಬಳಿ. ದಾಸೋಹವೆಂಬ ನಮ್ಮ ಶಬ್ದವು 'ನಾನು ದಾಸ'ನೆಂಬ ಭಾವದಿಂದ ಹುಟ್ಟಿದುದು. ಕೊಡುವವನು ಧಣಿಯಲ್ಲ, ಸೇವಕ. ಪಾತಾಳದಲ್ಲಿಯೂ ಧಣಿಯಾಗಿಯೇ ಉಳಿದ ಸಿರಿವಂತನಿಗೆ ತಿಳಿಯದೆ ಹೋದುದು ಇದೊಂದೇ.

ಇಂದು ನಮ್ಮ ಬಾಗಿಲಲ್ಲಿ

ಈಗ ನಮ್ಮತ್ತ ನೋಡಿಕೊಳ್ಳೋಣ. ಗುಡಿಗೆ, ಮಠಕ್ಕೆ ದೇಣಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೊರೆಯಿಸುವ ಹಂಬಲ ನಮ್ಮಲ್ಲಿ ಹೆಚ್ಚುತ್ತಿದೆ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಬಿದ್ದು ಹಾಳಾಗುವ ಅನ್ನಕ್ಕೆ ಲೆಕ್ಕವಿಲ್ಲ. ಅದೇ ಹೊತ್ತಿಗೆ ತುಂಬು ಬಿಡಿಸುವ ಹೆಣ್ಣುಮಕ್ಕಳ ಕೈಗಳು ರಾತ್ರಿಯಿಡೀ ಉರಿಯುತ್ತವೆ. ಆ ಕೈಯಿಂದ ಕೂಸನ್ನು ಮುಟ್ಟಲೂ ತಾಯಿ ಅಂಜಬೇಕು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದುದನ್ನು ನಾಡೆಲ್ಲ ಕಂಡಿತು. ಬೆಂಕಿ ಹಚ್ಚುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಬಾಗಿಲ ಒಳಗಿನವರಿಗೂ ಹೊರಗಿನವರಿಗೂ ನಡುವೆ ಕಂದರ ಎಷ್ಟು ಆಳವಾಗಿದೆ ಎಂಬುದನ್ನು ಆ ಹೊಗೆ ತೋರಿಸಿತು.

ನಾವು ಓದುಗರಿಗೆ ದೊಡ್ಡ ವ್ರತವನ್ನೇನೂ ಸೂಚಿಸುತ್ತಿಲ್ಲ. ನಮ್ಮ ಮನೆಯ ಕೆಲಸದವರ, ಅಂಗಡಿಯ ಹಮಾಲರ, ಹೊಲದ ಆಳುಗಳ ಪೂರ್ಣ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲಿ. ಕೂಲಿಯನ್ನು ಸಂಜೆಯೇ ಕೊಡೋಣ. ನಾಳೆ ಬಾ ಎನ್ನದಿರೋಣ. ಮಂಗಳ ಕಾರ್ಯಗಳಲ್ಲಿ ಮಿಕ್ಕುದನ್ನು ಕೊಡುವ ಪದ್ಧತಿಯನ್ನು ಬಿಟ್ಟು, ಹೊರಗಿನವರಿಗೂ ಮೊದಲ ಪಂಕ್ತಿಯ ಅನ್ನವನ್ನೇ ತೆಗೆದಿಡೋಣ. ಕೊಟ್ಟ ಮೇಲೆ ಕಲ್ಲಿನಲ್ಲಿ ಬರೆಯಿಸದಿರೋಣ.

ಕೊನೆಗೊಂದು ಮಾತು. ಆ ಮದುವೆಯ ಮುಂದಿನ ಗುರುವಾರ ನಾವು ಬ್ಯಾಡಗಿಗೆ ಹೋದೆವು. ಗೋಣಿಚೀಲದ ಮೇಲೆ ಕುಳಿತು ತುಂಬು ಬಿಡಿಸುತ್ತಿದ್ದವಳ ಎದುರಿಗೆ ನಾವೂ ಕುಳಿತೆವು. ಅವಳು ಗಾಬರಿಯಾಗಿ ಏಳಹೋದಳು, ಬೇಡವೆಂದೆವು. ಇಷ್ಟು ವರ್ಷ ಕೇಳದೆ ಇದ್ದುದಕ್ಕೆ ತಪ್ಪಾಯಿತೆಂದು ಹೇಳಿ ಅವಳ ಹೆಸರನ್ನು ಕೇಳಿದೆವು. ಅವಳು ನಕ್ಕು, "ಈಗ್ಯಾಕ ಬೇಕಾತ್ರಿ ಸಾವ್ಕಾರ್ರ?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವಳು ಹೆಸರನ್ನು ಹೇಳಿದಳು. ಅದನ್ನು ನಾವು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅಂದು ಸಂಜೆ ತಾಯಿಯ ಮುಂದೆ ಹೇಳಿದೆವು. ತಾಯಿಯವರು, "ಆಕಿ ಹೆಸರು ನನಗ ಮೊದಲ ಗೊತ್ತಿತ್ತಲ್ಲ, ನೀ ಕೇಳಲಿಲ್ಲ" ಎಂದರು.